ಇಬ್ಬರು ಅಮ್ಮಂದಿರ ಮನೆಯಲ್ಲಿ ಪುಟ್ಟ ಮಗು: ದಿನಚರಿ, ಉತ್ತರ, ಕಾಗದಪತ್ರ

ಒಂದೂವರೆಯಿಂದ ಮೂರು ವರ್ಷದ ನಡುವಿನ ಮಗು ಆಡುವ ಮಾತು ಕಡಿಮೆ, ಕೇಳಿಸಿಕೊಳ್ಳುವುದು ಬಹಳ ಹೆಚ್ಚು. ಇಬ್ಬರು ಹೆಂಗಸರು ಸಂಗಾತಿಗಳಾಗಿ ಬಾಳುತ್ತ ಇಬ್ಬರೂ ತಾಯಂದಿರಾಗಿ ಮಗುವನ್ನು ಬೆಳೆಸುವ ಮನೆಯಲ್ಲಿ ಇದನ್ನು ಸದಾ ನೆನಪಿನಲ್ಲಿಡಬೇಕು. ಬಾಡಿಗೆ ಮನೆಯ ಮಾಲೀಕರು, ಎದುರುಮನೆಯ ಅಜ್ಜಿ, ಆಸ್ಪತ್ರೆಯ ಕೌಂಟರಿನಲ್ಲಿ ಕುಳಿತವರು, ಪ್ಲೇ ಹೋಮಿನ ಮಿಸ್ ಇವರೆಲ್ಲ ಪ್ರಶ್ನೆ ಕೇಳುವುದು ನಮ್ಮನ್ನು. ಆದರೆ ನಾವು ಕೊಡುವ ಉತ್ತರವನ್ನು ಮಗು ನಮ್ಮ ಸೊಂಟದ ಮೇಲೆ ಕುಳಿತು ಕೇಳುತ್ತಿರುತ್ತದೆ. ತನಗೆ ಇಬ್ಬರು ಅಮ್ಮಂದಿರಿರುವುದು ಹೇಳಿಕೊಳ್ಳಬಹುದಾದ ವಿಷಯವೋ ಬಚ್ಚಿಡಬೇಕಾದ ವಿಷಯವೋ ಎಂಬುದನ್ನು ಅದು ಆ ಉತ್ತರದ ಧಾಟಿಯಿಂದಲೇ ತಿಳಿದುಕೊಳ್ಳುತ್ತದೆ. ಆದ್ದರಿಂದ ಯಾರಿಗೆ ಏನು ಹೇಳಬೇಕು, ಯಾವ ಕೆಲಸ ಯಾರದ್ದು, ಯಾವ ಕಾಗದದಲ್ಲಿ ಯಾರ ಹೆಸರು ಎಂಬುದನ್ನು ಇಬ್ಬರೂ ಮೊದಲೇ ಕೂತು ತೀರ್ಮಾನಿಸಿಕೊಂಡಿರುವುದು ಒಳ್ಳೆಯದು. ಬೆಂಗಳೂರಿನಲ್ಲಿ ಅಂಥ ಮನೆ ನಡೆಸುತ್ತಿರುವವರನ್ನೂ ನಡೆಸಲು ಹೊರಟವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಕರೆಯುವ ಹೆಸರು, ಕೆಲಸದ ಹಂಚಿಕೆ

ಮೊದಲು ಇತ್ಯರ್ಥವಾಗಬೇಕಾದದ್ದು ಮಗು ಯಾರನ್ನು ಏನೆಂದು ಕರೆಯಬೇಕು ಎಂಬುದು. ಕನ್ನಡದ ಮನೆಗಳಲ್ಲಿ ಅಮ್ಮ, ಅವ್ವ, ಅಬ್ಬೆ, ಆಯಿ ಎಂದು ತಾಯಿಯನ್ನು ಕರೆಯುವ ಹೆಸರುಗಳಿಗೆ ಕೊರತೆಯಿಲ್ಲ. ನಮ್ಮ ಮನೆಯಲ್ಲಿ ಮಗಳನ್ನು ಹೆತ್ತವಳು ಅಮ್ಮ, ನಾನು ಅವ್ವ. ಹೆರದ ತಾಯಿಯನ್ನು ‘ಆಂಟಿ’ ಎಂದೋ ‘ಚಿಕ್ಕಮ್ಮ’ ಎಂದೋ ಕರೆಸುವುದನ್ನು ನಾನು ಒಪ್ಪುವುದಿಲ್ಲ. ನೆಂಟರಿಗೆ ಇರಿಸುಮುರಿಸಾಗದಿರಲಿ ಎಂದು ಹಾಗೆ ಆರಂಭಿಸಿದರೆ ಮುಂದೆ ಮಗುವಿನ ಬಾಯಿಂದ ಅದನ್ನು ಬಿಡಿಸುವುದು ಕಷ್ಟ, ಜೊತೆಗೆ ಇಲ್ಲದ ಸಂಬಂಧವೊಂದನ್ನು ಮಗುವಿಗೆ ನಾವೇ ಕಲಿಸಿದಂತಾಗುತ್ತದೆ. ನಿಂತ ಹೆಸರನ್ನು ಇಬ್ಬರೂ ದಿನವಿಡೀ ಒಬ್ಬರ ಬಗ್ಗೆ ಇನ್ನೊಬ್ಬರು ಬಳಸಬೇಕು: “ಅವ್ವನ ಹತ್ತಿರ ಹೋಗು”, “ಅಮ್ಮನಿಗೆ ಲೋಟ ಕೊಡು” ಎಂದು. ಕೆಲಸದವರಿಗೂ ಅಕ್ಕಪಕ್ಕದವರಿಗೂ ಅದೇ ಹೆಸರುಗಳು ಕಿವಿಗೆ ಬೀಳುತ್ತ ಬೀಳುತ್ತ ರೂಢಿಯಾಗುತ್ತವೆ. ಇಬ್ಬರ ಮನೆಮಾತು ಬೇರೆ ಬೇರೆಯಾಗಿದ್ದರೆ ಒಬ್ಬೊಬ್ಬರೂ ತಮ್ಮ ತಮ್ಮ ಮಾತಿನಲ್ಲೇ ಮಗುವಿನೊಂದಿಗೆ ಮಾತನಾಡಲಿ. ತುಳುವೂ ಕನ್ನಡವೂ, ತೆಲುಗೂ ಕನ್ನಡವೂ ಒಟ್ಟಿಗೆ ಕೇಳುತ್ತ ಬೆಳೆಯುವ ಮಕ್ಕಳು ಈ ಊರಿನ ಬೀದಿಬೀದಿಯಲ್ಲೂ ಇದ್ದಾರೆ.

ಇನ್ನು ಕೆಲಸ. ಗಂಡ-ಹೆಂಡತಿಯ ಮನೆಗಳಲ್ಲಿ ಇದು ಯಾರ ಕೆಲಸ ಎಂಬುದನ್ನು, ಸರಿಯೋ ತಪ್ಪೋ, ಸಂಪ್ರದಾಯವೇ ಹೇಳಿಬಿಟ್ಟಿರುತ್ತದೆ. ಇಬ್ಬರು ತಾಯಂದಿರ ಮನೆಯಲ್ಲಿ ಯಾವುದೂ ಮೊದಲೇ ನಿಗದಿಯಾಗಿರುವುದಿಲ್ಲವಾದ್ದರಿಂದ ಎಲ್ಲವನ್ನೂ ಇಬ್ಬರೂ ಅರ್ಧರ್ಧ ಮಾಡುವ ಉತ್ಸಾಹ ಬರುತ್ತದೆ, ಮತ್ತು ಆ ಅರ್ಧರ್ಧದ ನಡುವೆಯೇ ಔಷಧಿಯ ಹೊತ್ತು ತಪ್ಪುತ್ತದೆ, ಡಯಾಪರ್ ಮುಗಿದಿರುವುದು ರಾತ್ರಿ ಹತ್ತು ಗಂಟೆಗೆ ತಿಳಿಯುತ್ತದೆ. ಹೊತ್ತನ್ನು ಹಂಚಿಕೊಳ್ಳುವುದಕ್ಕಿಂತ ಒಂದೊಂದು ಕೆಲಸವನ್ನು ಬುಡದಿಂದ ತುದಿಯವರೆಗೆ ಒಬ್ಬೊಬ್ಬರು ವಹಿಸಿಕೊಳ್ಳುವುದು ಮೇಲು. ಊಟ ಒಬ್ಬರದ್ದಾದರೆ ರಾಗಿಯನ್ನು ತೊಳೆದು, ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹುರಿದು ಮಿಲ್ಲಿಗೆ ಕೊಟ್ಟು ಬೀಸಿಸುವುದರಿಂದ ಹಿಡಿದು ಮಗುವಿನ ಮೂತಿ ಒರೆಸುವವರೆಗೂ ಅವರದ್ದೇ. ಲಸಿಕೆ ಮತ್ತು ಆಸ್ಪತ್ರೆ ಇನ್ನೊಬ್ಬರದ್ದಾದರೆ ‘ತಾಯಿ ಕಾರ್ಡ್’ ಎಲ್ಲಿದೆ ಎಂಬುದರಿಂದ ಹಿಡಿದು 16ರಿಂದ 24 ತಿಂಗಳ ನಡುವೆ ಹಾಕಿಸಬೇಕಾದ ದಡಾರ-ರುಬೆಲ್ಲಾ ಎರಡನೇ ಡೋಸು ಮತ್ತು ಡಿಪಿಟಿ ಬೂಸ್ಟರಿನವರೆಗೆ ಅವರೇ ನೋಡಿಕೊಳ್ಳಬೇಕು. ಕೆಲವು ತಿಂಗಳಿಗೊಮ್ಮೆ ಕೆಲಸಗಳನ್ನು ಅದಲುಬದಲು ಮಾಡಿಕೊಳ್ಳಬಹುದು.

ಇಬ್ಬರಿಗೂ ಸಮಾನವಾಗಿ ಅನ್ವಯಿಸುವ ಕೆಲವು ನಿಯಮಗಳನ್ನು ಮಾತ್ರ ಫ್ರಿಡ್ಜಿನ ಬಾಗಿಲಿಗೆ ಬರೆದು ಅಂಟಿಸಿಡಿ. ನಾಲ್ಕು ವರ್ಷದವರೆಗೆ ಇಡೀ ಕಡಲೆಬೀಜ, ಬಾದಾಮಿ ಕೊಡಬಾರದು. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿಯೇ ಕೊಡಬೇಕು. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ 11ರಿಂದ 14 ಗಂಟೆಗಳ ನಿದ್ದೆ ಬೇಕು. ಎರಡು ವರ್ಷ ದಾಟಿದ ಮೇಲೆ ಮೊಬೈಲ್, ಟಿವಿ ಎಲ್ಲ ಸೇರಿ ದಿನಕ್ಕೆ ಒಂದು ಗಂಟೆ ಮೀರಬಾರದು, ಒಂದು ವರ್ಷದ ಮಗುವಿಗೆ ಅದೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಮಾತು. ಒಬ್ಬರು ಬೇಡ ಎಂದದ್ದನ್ನು ಇನ್ನೊಬ್ಬರು ಮಗುವಿನ ಎದುರಿಗೆ ಕೊಡಬಾರದು. ಭಿನ್ನಾಭಿಪ್ರಾಯವಿದ್ದರೆ ಮಗು ಮಲಗಿದ ಮೇಲೆ ಮಾತನಾಡಬೇಕು.

ಮಗು ಒಬ್ಬರನ್ನೇ ಬಯಸುವಾಗ

ಇಂಥ ಮನೆಯಲ್ಲಿ ಅತಿ ಹೆಚ್ಚು ನೋಯಿಸುವ ಸಂಗತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಈ ವಯಸ್ಸಿನ ಮಕ್ಕಳು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು, ಒಬ್ಬರನ್ನೇ ಹಚ್ಚಿಕೊಂಡು ಇನ್ನೊಬ್ಬರನ್ನು ದೂರ ತಳ್ಳುವುದು ಎಲ್ಲ ಬಗೆಯ ಮನೆಗಳಲ್ಲೂ ಇರುವಂಥದ್ದೇ. ಹೆತ್ತು ಹಾಲೂಡಿಸಿದವಳ ಕಡೆಗೆ ಮಗು ವಾಲಿ, “ಅವ್ವ ಬೇಡ, ಅಮ್ಮನೇ ಬೇಕು” ಎಂದು ಬಾಗಿಲ ಬಳಿ ಹೊರಳಾಡಿ ಅತ್ತಾಗ, ಹೆರದ ತಾಯಿಗೆ ಅದು ನೆಂಟರು ಬಾಯಿಬಿಟ್ಟು ಹೇಳದ ಮಾತನ್ನು ಮಗುವೇ ಹೇಳಿಬಿಟ್ಟಂತೆ ಕೇಳಿಸುತ್ತದೆ. ಮಗು ಹೇಳುತ್ತಿರುವುದು ಅದಲ್ಲ. ಯಾರು ಬೇಕು, ಯಾರು ಬೇಡ ಎಂದು ತಾನೇ ಆರಿಸಬಲ್ಲೆ ಎಂಬುದನ್ನು ಅದು ಹೊಸದಾಗಿ ಕಂಡುಕೊಂಡಿರುತ್ತದೆ; ಕೆಂಪು ಲೋಟವೇ ಬೇಕು, ನೀಲಿಯದು ಬೇಡ ಎನ್ನುವುದೂ ಅದೇ ವಯಸ್ಸಿನಲ್ಲೇ.

ಆಗ ಮಾಡಬೇಕಾದದ್ದು ಇಷ್ಟು. ದೂರ ತಳ್ಳಿಸಿಕೊಂಡ ತಾಯಿಗೆ ದಿನದಲ್ಲಿ ತಪ್ಪದೇ ಬರುವ, ಮೈಮುಟ್ಟಿ ಮಾಡುವ ಒಂದು ಕೆಲಸವನ್ನು ಪೂರ್ತಿಯಾಗಿ ಬಿಟ್ಟುಕೊಡಬೇಕು. ಸ್ನಾನ ಇದಕ್ಕೆ ಬಹಳ ಒಳ್ಳೆಯದು. ವಾರಕ್ಕೊಮ್ಮೆ ಎಣ್ಣೆಸ್ನಾನವಾದರೆ ಇನ್ನೂ ಒಳ್ಳೆಯದು: ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಮೊದಲು ಮಗುವಿನ ಅಂಗೈಗೇ ಒಂದು ಹನಿ ಬಿಟ್ಟು, ಅದು ತನ್ನ ಹೊಟ್ಟೆಗೆ ತಾನೇ ಸವರಿಕೊಳ್ಳಲಿ ಎಂದು ಕಾದು, ಆಮೇಲೆ ಕಾಲು, ಬೆನ್ನು, ಕೊನೆಗೆ ನೆತ್ತಿ; ತಲೆಗೆ ನೀರು ಹಾಕುವಾಗ “ಮೇಲೆ ನೋಡು, ಜೇಡ ಎಲ್ಲಿದೆ?” ಎಂದು ಕತ್ತೆತ್ತಿಸಿದರೆ ಸೀಗೆಯ ನೀರು ಕಣ್ಣಿಗೆ ಇಳಿಯುವುದಿಲ್ಲ. ಇಷ್ಟು ಹೊತ್ತೂ ಇನ್ನೊಬ್ಬ ತಾಯಿ ಮನೆಯಲ್ಲಿ ಇರಬಾರದು. ಬಚ್ಚಲುಮನೆಯ ಬಾಗಿಲ ಹೊರಗೆ ನಿಂತು “ಏನಾಯ್ತು ಕಂದಾ?” ಎಂದು ಕೇಳುತ್ತಿದ್ದರೆ ಅಳು ನಿಲ್ಲುವುದಿಲ್ಲ. ಮಗುವಿಗೆ ಹೇಳಿಯೇ ಹೊರಡಬೇಕು, ಕಣ್ಣುತಪ್ಪಿಸಿ ಹೋಗಬಾರದು; ಹಾಲಿನ ಬೂತಿಗೋ ಹೂವಿನವರ ಬಳಿಗೋ ಹೋಗಿ, ಹೇಳಿದ ಹೊತ್ತಿಗೆ ವಾಪಸ್ ಬಂದರೆ ಸಾಕು.

ಹಚ್ಚಿಕೊಳ್ಳಲ್ಪಟ್ಟ ತಾಯಿಯ ಹೊಣೆ ಇಲ್ಲಿ ದೊಡ್ಡದು. ಮಗು ತನ್ನನ್ನೇ ಬಯಸುವಾಗ ಒಳಗೊಳಗೇ ಒಂದು ಸುಖವಿರುತ್ತದೆ, ಅದು ಸಹಜ. ಆದರೆ ಅತ್ತ ಕೂಡಲೇ ಓಡಿಬಂದು ಎತ್ತಿಕೊಂಡರೆ, ಅವ್ವನ ಕೈಯಿಂದ ಬಿಡಿಸಿಕೊಂಡದ್ದೇ ಸರಿಯಾಯಿತು ಎಂದು ಮಗುವಿಗೆ ಹೇಳಿದಂತಾಗುತ್ತದೆ. “ಅವ್ವ ಇದ್ದಾಳಲ್ಲ, ಅವ್ವ ಉಣಿಸುತ್ತಾಳೆ” ಎಂದು ಸಮಾಧಾನದ ದನಿಯಲ್ಲಿ ಹೇಳಿ, ತಾನು ಸುಮ್ಮನಿರಬೇಕು. ರಾತ್ರಿ ಎದ್ದಾಗ ಯಾರು ತಟ್ಟಿ ಮಲಗಿಸುವುದು ಎಂಬುದನ್ನೂ ಮಲಗುವ ಮುನ್ನವೇ ನಿಗದಿ ಮಾಡಿಕೊಳ್ಳಿ. ನಡುರಾತ್ರಿ ಎರಡು ಗಂಟೆಗೆ ಅದನ್ನು ತೀರ್ಮಾನಿಸಲು ಹೊರಟರೆ ಯಾವಾಗಲೂ ಅಮ್ಮನೇ ಏಳುತ್ತಾಳೆ.

ಹೊರಗಿನವರ ಪ್ರಶ್ನೆ, ಮಗುವಿನ ಪ್ರಶ್ನೆ

ಬೆಂಗಳೂರಿನಲ್ಲಿ ಮಗುವನ್ನು ಎತ್ತಿಕೊಂಡು ಬೀದಿಗಿಳಿದರೆ ಪ್ರಶ್ನೆ ತಪ್ಪಿದ್ದಲ್ಲ, ಮತ್ತು ಬಹುಪಾಲು ಪ್ರಶ್ನೆಗಳು ಪ್ರೀತಿಯಿಂದಲೇ ಬರುತ್ತವೆ. ಸೊಪ್ಪಿನ ಅಜ್ಜಿ ಬುಟ್ಟಿ ಇಳಿಸಿ, “ಮಗು ನಿಂದಾ, ನಿಮ್ಮಕ್ಕಂದಾ?” ಎಂದು ಕೇಳಿದರೆ, “ನಮ್ಮಿಬ್ಬರದ್ದೂ ಅಜ್ಜಿ, ಇವಳಿಗೆ ನಾವಿಬ್ಬರೂ ಅಮ್ಮಂದಿರು. ಮೆಂತ್ಯ ಕಟ್ಟು ಹೇಗೆ ಕೊಟ್ಟಿರಿ?” ಎನ್ನಬಹುದು. ಉತ್ತರ ಚಿಕ್ಕದಾಗಿರಬೇಕು, ದನಿ ಮೆಂತ್ಯದ ಬೆಲೆ ಕೇಳುವಾಗ ಇರುವ ದನಿಯೇ ಆಗಿರಬೇಕು, ಮತ್ತು ಮಾತು ಅಲ್ಲಿಂದ ಮುಂದಕ್ಕೆ ಹೋಗಬೇಕು. “ಅಪ್ಪ ಎಲ್ಲಿ?” ಎಂದು ಮರುಪ್ರಶ್ನೆ ಬಂದರೆ “ಅಪ್ಪ ಇಲ್ಲ, ಇಬ್ಬರು ಅಮ್ಮಂದಿರು” ಎಂದರೆ ಮುಗಿಯಿತು. ವಿವರಣೆ ಬೆಳೆಸಿದಷ್ಟೂ ಅದು ಸಮಜಾಯಿಷಿಯಂತೆ ಕೇಳಿಸುತ್ತದೆ.

ಎಲ್ಲರಿಗೂ ಎಲ್ಲವನ್ನೂ ಹೇಳಲೇಬೇಕೆಂದು ನಾನು ಹೇಳುತ್ತಿಲ್ಲ. ಆಟೋ ಚಾಲಕರಿಗೆ, ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರಿಗೆ ಮುಗುಳ್ನಕ್ಕು ಸುಮ್ಮನಾಗುವ ಹಕ್ಕು ಎಲ್ಲ ತಾಯಂದಿರಿಗೂ ಇದೆ. ಮನೆ ಹುಡುಕುವಾಗ “ಯಜಮಾನರು ಎಲ್ಲಿ ಕೆಲಸ ಮಾಡ್ತಾರೆ?” ಎಂಬ ಪ್ರಶ್ನೆಗೆ ಎಷ್ಟು ಹೇಳಬೇಕೆಂಬುದು ಎದುರಿಗಿರುವವರನ್ನು ನೋಡಿ ತೀರ್ಮಾನಿಸಬೇಕಾದ ವಿಷಯ, ಆ ಓಡಾಟಕ್ಕೆ ಮಗುವನ್ನು ಕರೆದೊಯ್ಯದಿರುವುದು ಕ್ಷೇಮ. ಆದರೆ ಮಗುವಿನ ಎದುರಿಗೆ ಸುಳ್ಳು ಹೇಳಬಾರದು. “ಇವರಪ್ಪ ದುಬೈಯಲ್ಲಿದ್ದಾರೆ”, “ನಾವು ಅಕ್ಕತಂಗಿಯರು” ಎಂಬ ಮಾತು ಆ ಹೊತ್ತಿನ ಮುಜುಗರವನ್ನು ತಪ್ಪಿಸುತ್ತದೆ. ಆದರೆ ಎರಡೂವರೆ ವರ್ಷದ ಮಗು ಅದನ್ನು ಹಿಡಿದಿಟ್ಟುಕೊಂಡು, ಇಲ್ಲದ ಅಪ್ಪನಿಗಾಗಿ ಕಾಯುತ್ತದೆ ಅಥವಾ ತನ್ನ ಅವ್ವನನ್ನು ಹೊರಗಡೆ ಅವ್ವ ಎನ್ನಬಾರದೆಂದು ತಿಳಿಯುತ್ತದೆ.

ಮೂರರ ಹತ್ತಿರ ಮಗುವೇ ಕೇಳುತ್ತದೆ. ಪಾರ್ಕಿನಲ್ಲಿ ಬೇರೆ ಮಗುವನ್ನು ಅಪ್ಪ ಹೆಗಲ ಮೇಲೆ ಕೂರಿಸಿಕೊಂಡದ್ದನ್ನು ನೋಡಿ “ನನ್ನಪ್ಪ?” ಎಂದಾಗ, ಇಬ್ಬರೂ ಒಂದೇ ಉತ್ತರ ಕೊಡುವಂತಿರಬೇಕು. ಕೆಲವು ಮನೆಗಳಲ್ಲಿ ಅಪ್ಪ, ಅಮ್ಮ ಇರುತ್ತಾರೆ. ಕೆಲವು ಮನೆಗಳಲ್ಲಿ ಅಜ್ಜಿ ಮಾತ್ರ. ನಿನಗೆ ಅಮ್ಮ ಮತ್ತು ಅವ್ವ. ಹೊಟ್ಟೆಯಲ್ಲಿ ಹೊತ್ತವರು ಯಾರು ಎಂಬುದನ್ನೂ, ದಾನಿಯೊಬ್ಬರ ನೆರವಿನಿಂದ ಹುಟ್ಟಿದ ಮಗುವಾದರೆ ಅದನ್ನೂ, ದತ್ತುಮಗುವಾದರೆ ತಾನು ಮನೆಗೆ ಬಂದ ದಿನದ ಕಥೆಯನ್ನೂ ಈ ವಯಸ್ಸಿನಿಂದಲೇ ಮಲಗುವ ಹೊತ್ತಿನ ಕಥೆಯಂತೆ ಹೇಳುತ್ತ ಬಂದರೆ, ಅದು ಮುಂದೆಂದೋ ಒಮ್ಮೆಗೇ ತಿಳಿಯುವ ಗುಟ್ಟಾಗುವುದಿಲ್ಲ. ತನ್ನಂಥ ಇನ್ನೊಂದು ಮನೆಯ ಮಕ್ಕಳ ಜೊತೆ ಆಡುವುದು ಇದಕ್ಕೆಲ್ಲ ಬಹಳ ನೆರವಾಗುತ್ತದೆ. 1994ರಲ್ಲಿ ಸಲಿಂಗಿಗಳಿಗೆ ಆಸರೆಯಾದ ಗುಡ್ ಆ್ಯಸ್ ಯು ಬಳಗವೂ 2008ರಲ್ಲಿ ಅವರ ಮೊದಲ ಪ್ರೈಡ್ ಮೆರವಣಿಗೆಯೂ ಆರಂಭವಾದ ಊರಿದು. ಅಂಥ ಬಳಗಗಳ ಮೂಲಕ ನಾಲ್ಕಾರು ಮನೆಯವರ ಪರಿಚಯವಾದರೆ ಭಾನುವಾರ ಕಬ್ಬನ್ ಪಾರ್ಕಿನಲ್ಲೋ ಲಾಲ್‌ಬಾಗಿನಲ್ಲೋ ಸೇರಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಕರ್ನಾಟಕದ ಹೆಂಗಸರಿಗೆ ಟಿಕೆಟ್ ಇಲ್ಲವಾದ್ದರಿಂದ ಇಬ್ಬರು ಅಮ್ಮಂದಿರ ಓಡಾಟಕ್ಕೆ ಖರ್ಚೂ ಇಲ್ಲ.

ಅಜ್ಜಿ-ತಾತ, ಪೂಜೆ

ಎರಡೂ ಕಡೆಯ ಹಿರಿಯರು ಒಪ್ಪಿ ಬಂದು ಹೋಗುತ್ತಿದ್ದರೆ ಭಾಗ್ಯ. ಹಾಸನದಜ್ಜಿ, ಮಂಗಳೂರಜ್ಜಿ ಎಂದು ಊರಿನ ಹೆಸರು ಸೇರಿಸಿ ಕರೆಸಿದರೆ ಯಾವ ಅಜ್ಜಿಯೂ ಎರಡನೆಯವಳಾಗುವುದಿಲ್ಲ. ಅರೆಮನಸ್ಸಿನಿಂದ ಬರುವ ಹಿರಿಯರಿಗೆ ನಿಶ್ಚಿತವಾದ ಕೆಲಸ ಕೊಡಿ: ಹುರಿಹಿಟ್ಟು ಮಾಡಿಕೊಡಲು ಕೇಳಿ, ಸಂಜೆ ಏಳಕ್ಕೆ ಫೋನಿನಲ್ಲಿ ಜೋಗುಳ ಹಾಡಲು ಹೇಳಿ. ಮಗುವಿನ ಮೂಲಕ ಬೆಳೆಯುವ ಸಲಿಗೆ ವಾದದಿಂದ ಬೆಳೆಯುವುದಿಲ್ಲ. ಆದರೆ ಯಾರೇ ಆಗಲಿ ಮಗುವಿನ ಮುಂದೆ “ನಿಜವಾದ ಅಮ್ಮ ಇವಳು” ಎಂದು ಬೊಟ್ಟು ಮಾಡಿದರೆ ಸುಮ್ಮನಿರಬಾರದು. ಅಲ್ಲೇ ಜಗಳಕ್ಕಿಳಿಯದೆ “ಇಬ್ಬರೂ ಅಮ್ಮಂದಿರೇ ಅತ್ತೆ” ಎಂದು ಹೇಳಿ, ಮಗು ಇಲ್ಲದಾಗ ಅವರೊಂದಿಗೆ ಕೂತು ಮಾತನಾಡಬೇಕು. ಮಾತನಾಡುವವಳು ಆ ಹಿರಿಯರ ಸ್ವಂತ ಮಗಳೇ ಆಗಿದ್ದರೆ ಒಳಿತು.

ಕಿವಿ ಚುಚ್ಚುವಾಗ, ಮುಡಿ ತೆಗೆಸುವಾಗ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸುವ ಪದ್ಧತಿ ನಮ್ಮಲ್ಲಿ ಅನೇಕ ಮನೆಗಳಲ್ಲಿದೆ. ಇಬ್ಬರು ತಾಯಂದಿರ ಮಗುವಿಗೆ ಎರಡೂ ಕಡೆ ಸೋದರಮಾವಂದಿರೇ. ಒಂದು ಕಿವಿ ಚುಚ್ಚುವಾಗ ಒಬ್ಬ ಮಾವ, ಇನ್ನೊಂದು ಕಿವಿಗೆ ಇನ್ನೊಬ್ಬ ಮಾವ ಎಂದು ಕರೆಯಿರಿ. ಬರದಿದ್ದ ತಮ್ಮನೂ ಈ ಕರೆಗೆ ಬರುವ ಸಂಭವವಿದೆ. ದೇವಸ್ಥಾನದಲ್ಲಿ ಅರ್ಚಕರು ಗೋತ್ರ ಕೇಳಿದಾಗ ಇಬ್ಬರೂ ಮುಖ ಮುಖ ನೋಡಿಕೊಳ್ಳದಂತೆ, ಮಗುವಿಗೆ ಯಾರ ಗೋತ್ರ ಹೇಳುವುದು ಅಥವಾ ನಕ್ಷತ್ರ, ರಾಶಿ, ಹೆಸರಷ್ಟನ್ನೇ ಹೇಳುವುದೇ ಎಂಬುದನ್ನು ಮನೆಯಲ್ಲೇ ಇತ್ಯರ್ಥ ಮಾಡಿಕೊಂಡು ಹೋಗಿ.

ಪ್ಲೇ ಹೋಮ್ ಮತ್ತು ಆಸ್ಪತ್ರೆ

ಪ್ಲೇ ಹೋಮಿಗೆ ಸೇರಿಸುವ ಮೊದಲು ಇಬ್ಬರೂ ಒಟ್ಟಿಗೆ ಹೋಗಿ, ಇಬ್ಬರೂ ತಾಯಂದಿರೆಂದು ಬಾಯಿಬಿಟ್ಟು ಹೇಳಿ, ಮುಖ್ಯಸ್ಥರ ಮುಖವನ್ನು ಗಮನಿಸಬೇಕು. ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಸಾಲನ್ನು ಹೊಡೆದುಹಾಕಿ ‘ತಾಯಿ’ ಎಂದು ಬರೆಯಲು ಅವರು ಒಪ್ಪುತ್ತಾರೆಯೇ, ಕರೆದೊಯ್ಯುವವರ ಪಟ್ಟಿಯಲ್ಲಿ ಇಬ್ಬರ ಭಾವಚಿತ್ರವನ್ನೂ ಇಟ್ಟುಕೊಳ್ಳುತ್ತಾರೆಯೇ, ಅಪ್ಪಂದಿರ ದಿನಕ್ಕೆ ಮಕ್ಕಳ ಕೈಯಲ್ಲಿ ಕಾರ್ಡು ಮಾಡಿಸುವಾಗ ಈ ಮಗುವಿಗೆ ಏನು ಮಾಡಿಸುತ್ತಾರೆ ಎಂಬುದನ್ನು ಕೇಳಿ. ಮನೆಯಲ್ಲಿ ಬಳಸುವ ಹೆಸರುಗಳನ್ನು ಮಿಸ್‌ಗೆ ಚೀಟಿಯಲ್ಲಿ ಬರೆದುಕೊಡಿ. “ಅವ್ವ” ಎಂದು ಅತ್ತರೆ ಯಾರನ್ನು ಕರೆಯುತ್ತಿದೆ ಎಂದು ಅವರಿಗೆ ತಿಳಿಯಬೇಕು.

ಮಕ್ಕಳ ಡಾಕ್ಟರರ ಬಳಿಗೂ ಮೊದಲ ಸಲ ಇಬ್ಬರೂ ಹೋಗುವುದು ಒಳ್ಳೆಯದು. ದಾಖಲೆಯಲ್ಲಿರುವ ತಾಯಿ, ಅಂದರೆ ಕಾಗದಪತ್ರದಲ್ಲಿ ಮಗುವಿನ ತಾಯಿಯೆಂದು ಹೆಸರಿರುವವಳು, ತನ್ನ ಸಂಗಾತಿ ಮಗುವನ್ನು ಚಿಕಿತ್ಸೆಗೆ ಕರೆತರಬಹುದು, ಔಷಧಿ, ಪರೀಕ್ಷೆಗಳಿಗೆ ಒಪ್ಪಬಹುದು ಎಂದು ಸಹಿ ಮಾಡಿದ ಪತ್ರವನ್ನು ಕಡತದಲ್ಲಿ ಇರಿಸಲು ಕೋರಬೇಕು. ಈ ಪತ್ರ ಪಾಲಕತ್ವವನ್ನು ಕೊಡುವುದಿಲ್ಲ, ಆದರೆ ಜ್ವರ ಬಂದ ಮಗುವನ್ನು ಎತ್ತಿಕೊಂಡು ಒಬ್ಬಳೇ ಹೋದಾಗ “ನೀವು ಯಾರು?” ಎಂಬ ಪ್ರಶ್ನೆಗೆ ಅದು ಸಾಕಾಗುತ್ತದೆ. ತುರ್ತು ಸ್ಥಿತಿಯಲ್ಲಿ ಚಿಕಿತ್ಸೆ ಕೊಡುವುದು ಪ್ರತಿಯೊಬ್ಬ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಅಂಥ ಹೊತ್ತಿನಲ್ಲಿ ಕಾಗದಕ್ಕಾಗಿ ಮನೆಗೆ ಓಡಬೇಡಿ.

ಕಾಗದಪತ್ರ

ಮನೆಯಲ್ಲಿ ಇಬ್ಬರು ತಾಯಂದಿರಿದ್ದರೂ ಕಾನೂನಿನ ಕಣ್ಣಿಗೆ ಇಂದು ಒಬ್ಬಳೇ ತಾಯಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ನಿನ ಭಯವನ್ನು ನೀಗಿತು; ಆದರೆ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲಿಲ್ಲ, ಜಂಟಿಯಾಗಿ ದತ್ತು ಪಡೆಯುವ ಹಕ್ಕನ್ನೂ ಬಹುಮತ ಒಪ್ಪಲಿಲ್ಲ. ದಂಪತಿಯಾಗಿ ದತ್ತು ಪಡೆಯಲು ಎರಡು ವರ್ಷಗಳ ಸ್ಥಿರ ದಾಂಪತ್ಯ ಬೇಕೆನ್ನುವ 2022ರ ದತ್ತು ನಿಯಮಗಳ ಪ್ರಕಾರ, ಇಬ್ಬರಲ್ಲಿ ಒಬ್ಬರು ಮಾತ್ರ ಒಂಟಿ ಮಹಿಳೆಯಾಗಿ ದತ್ತು ಪಡೆಯಬಹುದು. 2021ರ ನೆರವಿನ ಸಂತಾನೋತ್ಪತ್ತಿ ಕಾಯ್ದೆ 21ರಿಂದ 50 ವರ್ಷದೊಳಗಿನ ಮದುವೆಯಾಗದ ಹೆಣ್ಣಿಗೂ ಚಿಕಿತ್ಸೆಗೆ ಅವಕಾಶ ಕೊಡುತ್ತದೆ. ಹೆತ್ತವಳ ಹೆಸರೇ ಜನನ ಪ್ರಮಾಣಪತ್ರದಲ್ಲಿ ಬರುತ್ತದೆ. ಬಾಡಿಗೆ ತಾಯ್ತನದ ದಾರಿ ಅದೇ ವರ್ಷದ ಇನ್ನೊಂದು ಕಾಯ್ದೆಯಡಿ ನಮ್ಮಂಥ ಜೋಡಿಗೆ ತೆರೆದಿಲ್ಲ. ಈ ಅನ್ಯಾಯ ಸರಿಹೋಗಲಿ ಎಂದು ಹೋರಾಡುವವರ ಜೊತೆ ನಿಲ್ಲೋಣ. ಅಲ್ಲಿಯವರೆಗೆ ಮಗುವಿನ ರಕ್ಷಣೆಗೆ ಆಗುವಷ್ಟನ್ನು ಮಾಡಿಡೋಣ.

ತಂದೆಯ ಹೆಸರಿಲ್ಲವೆಂದು ಜನನ ಪ್ರಮಾಣಪತ್ರವನ್ನು ನಿರಾಕರಿಸುವಂತಿಲ್ಲ. ಅವಿವಾಹಿತ ತಾಯಿ ತಾನು ಹೆತ್ತ ಮಗುವಿಗೆ ಪ್ರಮಾಣಪತ್ರ ಕೋರಿದರೆ ಅಫಿಡವಿಟ್ ಒಂದನ್ನು ಪಡೆದು ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2015ರ ಜುಲೈನಲ್ಲಿ ಹೇಳಿದೆ. ಪಾಸ್‌ಪೋರ್ಟಿಗೂ 2016ರ ಡಿಸೆಂಬರಿನಿಂದ ತಾಯಿ ಅಥವಾ ತಂದೆ, ಒಬ್ಬರ ಹೆಸರು ಸಾಕು. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆಯಾದ್ದರಿಂದ ಅದರಲ್ಲಿ ಒಂದಕ್ಷರವೂ ತಪ್ಪಿಲ್ಲದಂತೆ ನೋಡಿಕೊಳ್ಳಿ.

ದಾಖಲೆಯಲ್ಲಿರುವ ತಾಯಿ ವಿಲ್ ಬರೆದು, ತನಗೇನಾದರೂ ಆದರೆ ಸಂಗಾತಿಯೇ ಮಗುವಿನ ಪಾಲಕಿಯಾಗಬೇಕೆಂಬ ಇಚ್ಛೆಯನ್ನು ಕಾರಣಸಹಿತ ದಾಖಲಿಸಬೇಕು. ವ್ಯಾಜ್ಯ ಬಂದರೆ ಕೊನೆಯ ಮಾತು ನ್ಯಾಯಾಲಯದ್ದು, ಅದು ನೋಡುವುದು ಮಗುವಿನ ಹಿತವನ್ನು. ಆಗ ಈ ವಿಲ್ ಜೊತೆಗೆ ಶಾಲೆಯ ಅರ್ಜಿ, ಆಸ್ಪತ್ರೆಯ ಪತ್ರ, ಒಟ್ಟಿಗಿರುವ ಭಾವಚಿತ್ರ ಎಲ್ಲವೂ ಮಾತನಾಡುತ್ತವೆ. ಇನ್ನೊಬ್ಬ ತಾಯಿಯೂ ವಿಲ್ ಬರೆಯಲೇಬೇಕು, ಏಕೆಂದರೆ ಅವಳ ಆಸ್ತಿಗೆ ಕಾನೂನಿನ ಪ್ರಕಾರ ಈ ಮಗು ವಾರಸುದಾರಳಲ್ಲ. ಬರೆದಿಡದಿದ್ದರೆ ಎಲ್ಲವೂ ಅವಳ ತವರಿನ ಕಡೆ ಹೋಗುತ್ತದೆ. ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ಅವರು ಅದರಿಂದ ಲಾಭ ಪಡೆಯುವವರಾಗಿರದಿರಲಿ. ನೋಂದಣಿ ಕಡ್ಡಾಯವಲ್ಲದಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ. ಇವೆರಡಕ್ಕೂ ಕುಟುಂಬ ಕಾನೂನು ಬಲ್ಲ ವಕೀಲರ ನೆರವು ಪಡೆಯಿರಿ.

ಸಲಿಂಗಿ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ನಿರ್ಬಂಧವಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಪಡಿತರ ಚೀಟಿಯಲ್ಲೂ ಅಂಥ ಸಂಗಾತಿಗಳನ್ನು ಒಂದೇ ಮನೆಯವರೆಂದು ಪರಿಗಣಿಸುವಂತೆ ರಾಜ್ಯಗಳಿಗೆ ಕೇಂದ್ರ ಸೂಚಿಸಿದೆ. ಬಾಡಿಗೆ ಕರಾರಿನಲ್ಲೂ ಇಬ್ಬರ ಹೆಸರಿರಲಿ. ಐದು ವರ್ಷದೊಳಗಿನ ಮಗುವಿನ ನೀಲಿ ಬಣ್ಣದ ಬಾಲ ಆಧಾರ್, ದಾಖಲೆಯಲ್ಲಿರುವ ತಾಯಿಯ ಆಧಾರ್‌ಗೆ ಜೋಡಣೆಯಾಗುತ್ತದೆ. ಐದು ತುಂಬಿದ ಮೇಲೆ ಬೆರಳಚ್ಚು ಮತ್ತು ಕಣ್ಣಿನ ಗುರುತು ಕೊಡಿಸಬೇಕು. ಇವೆಲ್ಲವನ್ನೂ ಒಂದೇ ಫೈಲಿನಲ್ಲಿಟ್ಟು, ಚಿತ್ರ ತೆಗೆದು ಇಬ್ಬರ ಮೊಬೈಲಿನಲ್ಲೂ ಇರಿಸಿ, ಒಂದು ಪ್ರತಿಯನ್ನು ನಂಬಿಕಸ್ಥ ಗೆಳತಿಯ ಬಳಿ ಕೊಟ್ಟಿಡಿ. ಮಗುವಿನ ಹುಟ್ಟುಹಬ್ಬದ ತಿಂಗಳಿನಲ್ಲಿ ಪ್ರತಿ ವರ್ಷ ಆ ಫೈಲನ್ನು ತೆರೆದು, ವಿಳಾಸ ಬದಲಾಗಿದ್ದರೆ, ಡಾಕ್ಟರರು ಬದಲಾಗಿದ್ದರೆ, ಸಾಕ್ಷಿಗಳಲ್ಲೊಬ್ಬರು ಊರು ಬಿಟ್ಟಿದ್ದರೆ ಹೊಸದಾಗಿ ಬರೆಸಬೇಕಾದದ್ದನ್ನು ಬರೆಸಿ.